ಮಹಾ ಕಾಡ್ಗಿಚ್ಚಿನ ಹಿಂದಿನ ಮಳೆ, ಗಾಳಿ, ಮರ

ಕಾಡಿನಲ್ಲಿ ಹೊತ್ತಿಕೊಳ್ಳುವ ಬೆಂಕಿಗಳಲ್ಲಿ ಬಹುಪಾಲು ದೊಡ್ಡದಾಗುವುದೇ ಇಲ್ಲ. ಕೆಲವು ಹಸಿ ನೆಲ ಸಿಕ್ಕೊಡನೆ ತಾವಾಗಿ ನಂದುತ್ತವೆ, ಕೆಲವನ್ನು ಜನ ಹಸಿಸೊಪ್ಪಿನಿಂದ ಬಡಿದು ಆರಿಸುತ್ತಾರೆ. ಕೆನಡಾದಲ್ಲಿ 1959ರಿಂದ 1997ರವರೆಗಿನ ದಾಖಲೆಗಳನ್ನು ಲೆಕ್ಕ ಹಾಕಿದಾಗ, 200 ಹೆಕ್ಟೇರ್‌ ದಾಟಿ ಹಬ್ಬಿದ ಬೆಂಕಿಗಳು ನೂರಕ್ಕೆ ಮೂರರಷ್ಟು ಮಾತ್ರ ಇದ್ದವು. ಸುಟ್ಟುಹೋದ ಕಾಡಿನಲ್ಲಿ ನೂರಕ್ಕೆ 97 ಭಾಗವನ್ನು ನುಂಗಿದ್ದು ಮಾತ್ರ ಈ ಮೂರೇ. ಹಾಗಾಗಿ ಕಾಡ್ಗಿಚ್ಚಿನ ಅಧ್ಯಯನದಲ್ಲಿ ಬೆಂಕಿ ಹೇಗೆ ಹತ್ತಿತು ಎಂಬುದಕ್ಕಿಂತ, ಹತ್ತಿದ ಸಾವಿರಾರು ಬೆಂಕಿಗಳಲ್ಲಿ ಇದೊಂದೇ ಯಾಕೆ ನಿಲ್ಲಲಿಲ್ಲ ಎಂಬ ಪ್ರಶ್ನೆ ದೊಡ್ಡದು. ಬೀಡಿಯ ತುಂಡು, ಸಿಡಿಲು, ಹರಿದ ವಿದ್ಯುತ್ ತಂತಿ ಎಲ್ಲ ವರ್ಷವೂ ಇರುತ್ತವೆ. ಮಹಾ ಕಾಡ್ಗಿಚ್ಚು ಎಲ್ಲ ವರ್ಷವೂ ಆಗುವುದಿಲ್ಲ.

ಸೌದೆ ಒಲೆ ಹಚ್ಚಿದವರಿಗೆ ಇದರ ಅರ್ಧ ಪಾಠ ಗೊತ್ತು. ಮೊದಲು ತರಗು ಅಥವಾ ಒಣ ತೆಂಗಿನ ಗರಿ, ಅದರ ಮೇಲೆ ಪುಳ್ಳೆ, ಆಮೇಲೆ ಸೀಳಿದ ಸೌದೆ, ಕೊನೆಗೆ ಕೊರಡು. ಕ್ರಮ ತಪ್ಪಿದರೆ ಒಲೆ ಹತ್ತದು. ಸೌದೆ ಹಸಿಯಿದ್ದರೆ ಹೊಗೆಯೇ ಹೊರತು ಉರಿಯಿಲ್ಲ. ಊದುಗೊಳವೆಯಿಂದ ಊದಿದರೆ ಸತ್ತಂತಿದ್ದ ಕೆಂಡಕ್ಕೂ ಜೀವ ಬರುತ್ತದೆ. ಕಾಡೂ ಇದೇ ಕ್ರಮದಲ್ಲಿ ಉರಿಯುತ್ತದೆ. ವ್ಯತ್ಯಾಸವೆಂದರೆ ಅಲ್ಲಿ ಸೌದೆ ಒಣಗಿಸುವುದೂ ಹವಾಮಾನವೇ, ಊದುವುದೂ ಹವಾಮಾನವೇ.

ಬೆಂಕಿ ತಜ್ಞರು ಕಾಡಿನ ಒಣ ಉರುವಲನ್ನು ಅದು ಒಣಗಲು ಬೇಕಾದ ಹೊತ್ತಿನ ಮೇಲೆ ನಾಲ್ಕು ವರ್ಗ ಮಾಡುತ್ತಾರೆ. ಪೆನ್ಸಿಲ್‌ಗಿಂತ ತೆಳ್ಳಗಿನ ಕಡ್ಡಿ, ಒಣ ಹುಲ್ಲು, ತರಗೆಲೆ ಒಂದು ಗಂಟೆಯಲ್ಲಿ ಸುತ್ತಲಿನ ಗಾಳಿಯ ಒಣತನಕ್ಕೆ ಹೊಂದಿಕೊಳ್ಳುತ್ತವೆ. ಹೆಬ್ಬೆರಳು ದಪ್ಪದ ಕಡ್ಡಿಗೆ 10 ಗಂಟೆ, ಏಳೆಂಟು ಸೆಂಟಿಮೀಟರ್‌ವರೆಗಿನ ಕೊಂಬೆಗೆ 100 ಗಂಟೆ, ಅದಕ್ಕೂ ದಪ್ಪನೆಯ ಕೊರಡಿಗೆ 1,000 ಗಂಟೆ ಬೇಕು. ಸಾವಿರ ಗಂಟೆ ಎಂದರೆ ಸುಮಾರು ಆರು ವಾರ. ಈ ಒಂದು ಲೆಕ್ಕದಲ್ಲಿ ಬಹಳ ವಿಷಯ ಅಡಗಿದೆ. ಒಂದು ಮಧ್ಯಾಹ್ನದ ಬಿಸಿಲು ತರಗನ್ನು ಒಣಗಿಸಬಲ್ಲದು, ಬಿದ್ದ ಮರವನ್ನು ಒಣಗಿಸಲಾರದು. ಅದಕ್ಕೆ ತಿಂಗಳುಗಟ್ಟಲೆ ಮಳೆ ಕೈಕೊಡಬೇಕು. ನಾಲ್ಕೂ ವರ್ಗದ ಉರುವಲು ಒಂದೇ ದಿನ ಒಣಗಿ ಸಿದ್ಧವಾಗಿರುವುದು ಅಪರೂಪ, ಮತ್ತು ಆ ಅಪರೂಪದ ದಿನಗಳಲ್ಲೇ ಬೆಂಕಿ ಕೈಮೀರುತ್ತದೆ. ತರಗಿನ ತೂಕದಲ್ಲಿ ನೂರಕ್ಕೆ 25–30ರಷ್ಟು ನೀರಿದ್ದರೆ ಬೆಂಕಿ ಹಬ್ಬಲು ಹೆಣಗುತ್ತದೆ. ಅದು ಐದಾರಕ್ಕೆ ಇಳಿದರೆ ಬಿದ್ದ ಕಿಡಿಯೆಲ್ಲ ಹೊಸ ಬೆಂಕಿಯಾಗುತ್ತದೆ.

ಒಣಗಿಸುವ ಕೆಲಸದಲ್ಲಿ ಬಿಸಿಲಿಗಿಂತ ಗಾಳಿಯ ದಾಹ ಮುಖ್ಯ. ಬಿಸಿ ಗಾಳಿ ಹೆಚ್ಚು ನೀರಾವಿ ಹಿಡಿಯಬಲ್ಲದು. ಉಷ್ಣತೆ ಒಂದು ಡಿಗ್ರಿ ಏರಿದರೆ ಈ ಸಾಮರ್ಥ್ಯ ಸುಮಾರು ನೂರಕ್ಕೆ ಏಳರಷ್ಟು ಹೆಚ್ಚುತ್ತದೆ. 20 ಡಿಗ್ರಿಯ ಗಾಳಿಗೆ ಹೋಲಿಸಿದರೆ 40 ಡಿಗ್ರಿಯ ಗಾಳಿಯಲ್ಲಿ ಅದು ಮೂರು ಪಟ್ಟಿಗಿಂತ ಜಾಸ್ತಿ. ಹಿಡಿಯಬಲ್ಲ ಆವಿಗೂ ಈಗಾಗಲೇ ಇರುವ ಆವಿಗೂ ನಡುವಿನ ಅಂತರವನ್ನು ಆವಿ ಒತ್ತಡದ ಕೊರತೆ ಎನ್ನುತ್ತಾರೆ. ಈ ಕೊರತೆ ಹೆಚ್ಚಿದಷ್ಟೂ ಗಾಳಿ ಎಲೆಯಿಂದ, ಮಣ್ಣಿನಿಂದ, ಬಿದ್ದ ಕೊರಡಿನಿಂದ ಹೆಚ್ಚು ನೀರು ಹೀರುತ್ತದೆ. ಹಿಂದೆ ರಾತ್ರಿಯ ತಂಪು ಬೆಂಕಿಯನ್ನು ಮಲಗಿಸುತ್ತಿತ್ತು, ಆರಿಸುವವರಿಗೂ ಉಸಿರಾಡಲು ಬಿಡುವು ಸಿಗುತ್ತಿತ್ತು. ರಾತ್ರಿಗಳೂ ಬೆಚ್ಚಗಾಗಿ, ಗಾಳಿಯ ದಾಹ ಇಳಿಯದೆ ಹೋದಾಗ ಆ ಬಿಡುವು ಕಳೆದುಹೋಗುತ್ತದೆ.

ಹಸಿ ಗಿಡದ ಲೆಕ್ಕ ಬೇರೆ. ಜೀವವಿರುವ ಎಲೆಯಲ್ಲಿ ಒಣ ತೂಕಕ್ಕಿಂತ ಹೆಚ್ಚು ನೀರು ಇರಬಹುದು. ಅದು ಉರಿಯಬೇಕಾದರೆ ಮೊದಲು ಆ ನೀರು ಕುದಿದು ಹೋಗಬೇಕು. ಬೆಂಕಿಯ ಶಕ್ತಿ ಅದಕ್ಕೇ ಖರ್ಚಾಗುತ್ತದೆ. ಬರ ಬಿದ್ದು ಬೇರಿಗೆ ನೀರು ಸಿಗದಾದಾಗ ಹಸಿರೆಲೆಯೂ ಉರುವಲಾಗುತ್ತದೆ. ಉತ್ತರದ ಶೀತ ದೇಶಗಳಲ್ಲಿ ಇದಕ್ಕೆ ಒಂದು ವಿಚಿತ್ರ ಋತುವಿದೆ. ವಸಂತದಲ್ಲಿ, ಹೊಸ ಚಿಗುರು ಬರುವ ಮುಂಚೆ, ಸ್ಪ್ರೂಸ್ ಮತ್ತು ಪೈನ್ ಮರಗಳ ಹಳೆಯ ಸೂಜಿ ಎಲೆಗಳಲ್ಲಿ ನೀರಿನ ಪ್ರಮಾಣ ವರ್ಷದಲ್ಲೇ ಕನಿಷ್ಠಕ್ಕೆ ಇಳಿಯುತ್ತದೆ. ಹಿಮ ಕರಗಿದೆ, ನೆಲದ ಹುಲ್ಲು ಇನ್ನೂ ಹಸಿರಾಗಿಲ್ಲ, ಮರ ನೋಡಲು ಹಸಿರು ಆದರೆ ಒಳಗೆ ಒಣ. ಕೆನಡಾದ ಫೋರ್ಟ್ ಮೆಕ್‌ಮರ್ರಿ ಪಟ್ಟಣಕ್ಕೆ ಬೆಂಕಿ ನುಗ್ಗಿದ್ದು ಇಂಥ ಹೊತ್ತಿನಲ್ಲಿ. 2016ರ ಮೇ 3ರಂದು ಅಲ್ಲಿ ಉಷ್ಣತೆ 32 ಡಿಗ್ರಿ ದಾಟಿತ್ತು, ಆರ್ದ್ರತೆ ನೂರಕ್ಕೆ 12ರ ಆಸುಪಾಸಿಗೆ ಇಳಿದಿತ್ತು. ಸುಮಾರು 88,000 ಜನ ಊರು ಬಿಟ್ಟು ಹೊರಟರು.

ಉರುವಲು ಎಷ್ಟಿದೆ ಎಂಬುದರಷ್ಟೇ ಅದು ಹೇಗೆ ಜೋಡಣೆಯಾಗಿದೆ ಎಂಬುದೂ ಮುಖ್ಯ. ನೆಲದ ತರಗು ಮಾತ್ರ ಉರಿದರೆ ಜ್ವಾಲೆ ಮೊಣಕಾಲೆತ್ತರ, ಸೊಂಟದೆತ್ತರ. ಪೊದೆ, ಬಳ್ಳಿ, ಬಾಗಿದ ಕೊಂಬೆ, ಜೋತುಬಿದ್ದ ತೊಗಟೆ ಇವೆಲ್ಲ ನೆಲದಿಂದ ನೆತ್ತಿಗೆ ಏಣಿ ಹಾಕಿದ ಹಾಗೆ. ಆ ಏಣಿ ಹತ್ತಿ ಮರದ ನೆತ್ತಿಗೆ ಬೆಂಕಿ ಏರಿತೆಂದರೆ ಆಟ ಬೇರೆ. ನೆತ್ತಿಯಿಂದ ನೆತ್ತಿಗೆ ಹಾರುವ ಬೆಂಕಿಗೆ ಮೇಲಿನ ಗಾಳಿಯ ಪೂರ್ತಿ ಬಲ ಸಿಗುತ್ತದೆ. ಕೆಳಗೆ ತೋಡಿದ ಬೆಂಕಿರೇಖೆ ಅದಕ್ಕೆ ಲೆಕ್ಕಕ್ಕಿಲ್ಲ.

ನಮ್ಮ ಬಂಡೀಪುರವನ್ನು ಆಸ್ಟ್ರೇಲಿಯಾದ ಕಾಡಿನ ಪಕ್ಕ ಇಟ್ಟು ನೋಡಿದರೆ ಈ ಜೋಡಣೆಯ ಮಹತ್ವ ತಿಳಿಯುತ್ತದೆ. ಬಂಡೀಪುರದ್ದು ಎಲೆ ಉದುರಿಸುವ ಕಾಡು. ಫೆಬ್ರವರಿಗೆ ತೇಗ, ಮತ್ತಿ, ದಿಂಡಿಗ ಬೋಳಾಗಿ ನಿಲ್ಲುತ್ತವೆ. ಎಲೆಯೆಲ್ಲ ನೆಲಕ್ಕೆ ಬಂದಿರುವುದರಿಂದ ನೆತ್ತಿಯಲ್ಲಿ ಉರಿಯಲು ಏನೂ ಇರುವುದಿಲ್ಲ. ಬೆಂಕಿ ನೆಲದ ಮೇಲೇ ಓಡುತ್ತದೆ, ದಪ್ಪ ತೊಗಟೆಯ ಮರಗಳು ಬಹುಪಾಲು ಬದುಕಿಕೊಳ್ಳುತ್ತವೆ. ಈ ಲೆಕ್ಕವನ್ನು ಕೆಡಿಸಿರುವುದು ಲಂಟಾನ. ಆಳೆತ್ತರ ಮೀರಿ ಹೆಣೆದುಕೊಳ್ಳುವ ಈ ಪೊದೆ ಹಿಂದೆ ಹುಲ್ಲು ಮಾತ್ರ ಇದ್ದ ಜಾಗದಲ್ಲಿ ಬೆಂಕಿಗೆ ಏಣಿ ಕಟ್ಟಿದೆ. 2018ರ ಒಳ್ಳೆಯ ಮಳೆಗೆ ಹುಲ್ಲು, ಪೊದೆ ಎರಡೂ ಸೊಂಪಾಗಿ ಬೆಳೆದವು, ಬೇಸಿಗೆ ಶುರುವಾಗುವಷ್ಟರಲ್ಲಿ ಎರಡೂ ಒಣಗಿದವು. 2019ರ ಫೆಬ್ರವರಿ 21ರ ಆಸುಪಾಸಿಗೆ ಹತ್ತಿದ ಬೆಂಕಿ ಗಾಳಿಯ ಜೊತೆ ಸೇರಿ ಸುಮಾರು 4,400 ಹೆಕ್ಟೇರ್ ಸುಟ್ಟಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಯಿತು. ಪಕ್ಕದ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಮೊದಲಲ್ಲೇ, ಇಬ್ಬನಿಯ ಪಸೆ ಇನ್ನೂ ಇರುವಾಗ, ತರಗಿಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಅದನ್ನು ತರಗು ಬೆಂಕಿ ಎನ್ನುತ್ತಿದ್ದರು. 1974ರಲ್ಲಿ ಆ ಬೆಟ್ಟ ಅಭಯಾರಣ್ಯವಾದ ಮೇಲೆ ಆ ಪದ್ಧತಿ ನಿಂತಿತು. ಬೆಂಕಿ ನಿಂತ ಮೇಲೇ ಲಂಟಾನ ಹಬ್ಬಿದ್ದು ಎಂಬುದು ಸೋಲಿಗರ ಹಿರಿಯರ ಮಾತು. ಕಾಡಿನ ಒಳಗೇ ಬದುಕಿದವರ ಈ ತಿಳಿವನ್ನು ಇಷ್ಟು ವರ್ಷ ಪಕ್ಕಕ್ಕೆ ಇಟ್ಟದ್ದು ತಪ್ಪು.

ಆಸ್ಟ್ರೇಲಿಯಾದ ಆಗ್ನೇಯ ಭಾಗದಲ್ಲಿ ಎಲ್ಲವೂ ಇದಕ್ಕೆ ತಿರುಗುಮುರುಗು. ಅಲ್ಲಿನ ಕಾಡು ಎಂದರೆ ನಮ್ಮವರು ನೀಲಗಿರಿ ಎಂದು ಕರೆಯುವ ಯೂಕಲಿಪ್ಟಸ್ ಕುಲದ ನೂರಾರು ಜಾತಿಗಳು. ಅವು ವರ್ಷವಿಡೀ ಹಸಿರು, ಎಲೆಯ ತುಂಬ ಎಣ್ಣೆ. ಉದುರಿದ ಎಲೆ, ತೊಗಟೆ ಬೇಗ ಕೊಳೆಯದೆ ಬುಡದಲ್ಲಿ ರಾಶಿ ಬೀಳುತ್ತದೆ. ಬೆಂಕಿಯನ್ನು ದೂರಕ್ಕೆ ಒಯ್ಯುವುದು ಅವುಗಳ ತೊಗಟೆ. ನಾರು ತೊಗಟೆಯ ಜಾತಿಗಳ ಮೈಮೇಲೆ ಬೆಂಕಿ ಸರಸರನೆ ಏರುತ್ತದೆ, ನಾರಿನ ಚೂರುಗಳು ಸಾವಿರಗಟ್ಟಲೆ ಕಿಡಿಯಾಗಿ ಮುಂದಿನ ನೂರಾರು ಮೀಟರ್‌ನಲ್ಲಿ ಸುರಿಯುತ್ತವೆ. ನುಣುಪು ಕಾಂಡದ ಜಾತಿಗಳು ತೊಗಟೆಯನ್ನು ಮಾರುದ್ದದ ಪಟ್ಟಿಗಳಾಗಿ ಸುಲಿದು ಕೊಂಬೆಗೆ ತೂಗುಬಿಟ್ಟಿರುತ್ತವೆ. ಒಣಗಿದಾಗ ಆ ಪಟ್ಟಿ ಚಕ್ಕೆಯ ಹಾಗೆ ಸುರುಳಿಗೊಂಡು ಕೊಳವೆಯಾಗುತ್ತದೆ. ಒಂದು ತುದಿಗೆ ಬೆಂಕಿ ಹತ್ತಿದ ಆ ಕೊಳವೆಯನ್ನು ಬಿಸಿಗಾಳಿ ಆಕಾಶಕ್ಕೆ ಎತ್ತಿದರೆ, ಒಳಗಿನ ಕೆಂಡ ಆರದೆ ಬಹಳ ಹೊತ್ತು ಉಳಿಯುತ್ತದೆ. ಅದು ನೆಲ ಮುಟ್ಟುವುದು ಎರಡು ಮೂರು ಊರು ದಾಟಿದ ಮೇಲೆ. 30 ಕಿಲೋಮೀಟರ್ ಆಚೆ ಇಂಥ ಕೆಂಡ ಬಿದ್ದು ಹೊಸ ಬೆಂಕಿ ಎದ್ದದ್ದು ದಾಖಲಾಗಿದೆ. ನದಿ, ಹೆದ್ದಾರಿ, ಬೆಂಕಿರೇಖೆ ಯಾವುದೂ ಅಷ್ಟು ಅಗಲ ಇರುವುದಿಲ್ಲ.

ಇಂಥ ಕಾಡಿಗೆ ಕೆಟ್ಟ ಹವಾಮಾನ ಸೇರಿದರೆ ಏನಾಗುತ್ತದೆ ಎಂಬುದಕ್ಕೆ 2009ರ ಫೆಬ್ರವರಿ 7ರ ಶನಿವಾರವೇ ಸಾಕ್ಷಿ. ವಿಕ್ಟೋರಿಯಾ ರಾಜ್ಯದಲ್ಲಿ ಆಗ ಹತ್ತು ವರ್ಷ ಮೀರಿದ ಬರ. ಕೊರಡುಗಳ ಒಳಗಿನ ತಿರುಳೂ ಒಣಗಿತ್ತು. ಜನವರಿ ಕೊನೆಯಲ್ಲಿ ಮೆಲ್ಬರ್ನ್ ನಗರದಲ್ಲಿ ಸತತ ಮೂರು ದಿನ 43.4, 44.3, 45.1 ಡಿಗ್ರಿ ಬಿಸಿಲು ಕಾಯಿತು. ಗಿಡಗಳ ಹಸಿರೆಲೆ ಬಾಡಿ ಕಂದಾಯಿತು. ಆ ಶನಿವಾರ ಅದೂ ಮೀರಿ 46.4 ಡಿಗ್ರಿ. ಗಾಳಿಯ ಆರ್ದ್ರತೆ ನೂರಕ್ಕೆ ಹತ್ತಕ್ಕಿಂತ ಕೆಳಗೆ. ಖಂಡದ ನಡುವಿನ ಮರುಭೂಮಿಯಿಂದ ವಾಯವ್ಯದ ಗಾಳಿ ಕೆಲವೆಡೆ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬೀಸುತ್ತಿತ್ತು.

ಮಧ್ಯಾಹ್ನ ಹನ್ನೆರಡಕ್ಕೆ ಸ್ವಲ್ಪ ಮುಂಚೆ ಕಿಲ್ಮೋರ್ ಈಸ್ಟ್ ಎಂಬಲ್ಲಿ ಗುಡ್ಡದ ಮೇಲಿನ ವಿದ್ಯುತ್ ತಂತಿ ತುಂಡಾಯಿತು. ಕೆಳಗಿದ್ದದ್ದು ಒಣ ಹುಲ್ಲು. ಹುಲ್ಲಿನಿಂದ ಬೆಂಕಿ ಹೆದ್ದಾರಿ ಹಾರಿತು, ಪೈನ್ ತೋಪು ಹೊಕ್ಕಿತು, ಅಲ್ಲಿಂದ ಮೌಂಟ್ ಡಿಸಪಾಯಿಂಟ್‌ಮೆಂಟ್ ಬೆಟ್ಟದ ಯೂಕಲಿಪ್ಟಸ್ ಕಾಡು ಸೇರಿತು. ಇಳಿಜಾರಿನಲ್ಲಿ ಮೇಲಕ್ಕೆ ಏರುವ ಬೆಂಕಿ ಪ್ರತಿ ಹತ್ತು ಡಿಗ್ರಿ ಏರಿಗೆ ಸುಮಾರು ಎರಡು ಪಟ್ಟು ವೇಗ ಪಡೆಯುತ್ತದೆ, ಏಕೆಂದರೆ ಜ್ವಾಲೆ ಮೇಲಿನ ಉರುವಲಿನ ಕಡೆಗೇ ಬಾಗಿ ಅದನ್ನು ಮೊದಲೇ ಕಾಯಿಸುತ್ತದೆ. ಬೆಟ್ಟದ ತುದಿಯಿಂದ ಮೇಲೆದ್ದ ತೊಗಟೆಯ ಕೆಂಡಗಳು ಕಣಿವೆಗಳನ್ನು ದಾಟಿ ಮುಂದೆ ಹೋಗಿ ಬಿದ್ದವು.

ಸಂಜೆ ಗಾಳಿ ತಿರುಗಿತು. ಈ ತಿರುವು ಆಗ್ನೇಯ ಆಸ್ಟ್ರೇಲಿಯಾದ ದೊಡ್ಡ ಬೆಂಕಿಗಳ ಬೆನ್ನಿಗೇ ಬರುತ್ತದೆ. ತಂಪು ಗಾಳಿಯ ಅಲೆಯೊಂದು ನೈಋತ್ಯದಿಂದ ಬರುವ ಮುಂಚೆ ಬಿಸಿ ವಾಯವ್ಯ ಗಾಳಿ ಬಿರುಸಾಗುತ್ತದೆ, ಬೆಂಕಿಯನ್ನು ಆಗ್ನೇಯಕ್ಕೆ ಉದ್ದ ನಾಲಿಗೆಯಂತೆ ಚಾಚುತ್ತದೆ. ತಂಪು ಅಲೆ ಬಂದೊಡನೆ ಗಾಳಿ ಪಕ್ಕಕ್ಕೆ ತಿರುಗಿ, ಹತ್ತಾರು ಕಿಲೋಮೀಟರ್ ಉದ್ದದ ಆ ನಾಲಿಗೆಯ ಪಾರ್ಶ್ವ ಪೂರ್ತಿ ಏಕಕಾಲಕ್ಕೆ ಬೆಂಕಿಯ ಮುಖವಾಗುತ್ತದೆ. ತಂಪು ಬಂತೆಂದು ಜನ ನಿಟ್ಟುಸಿರು ಬಿಡುವ ಹೊತ್ತೇ ಎಲ್ಲಕ್ಕಿಂತ ಅಪಾಯದ ಹೊತ್ತು. ಕಿಂಗ್‌ಲೇಕ್ ಊರಿನ ಸುತ್ತ ಸಾವು ಬಡಿದದ್ದು ಹೀಗೆ. ಕಿಲ್ಮೋರ್ ಈಸ್ಟ್ ಬೆಂಕಿಯೊಂದರಲ್ಲೇ 119 ಜನ ತೀರಿಕೊಂಡರು. ಆ ದಿನದ ಎಲ್ಲ ಬೆಂಕಿಗಳಲ್ಲಿ ಒಟ್ಟು 173 ಜನ.

ಆಸ್ಟ್ರೇಲಿಯಾದಲ್ಲಿ ಬೆಂಕಿ ಅಪಾಯ ಅಳೆಯಲು ಅಲನ್ ಮೆಕ್‌ಆರ್ಥರ್ ಎಂಬ ಅರಣ್ಯ ವಿಜ್ಞಾನಿ 1960ರ ದಶಕದಲ್ಲಿ ಒಂದು ಸೂಚ್ಯಂಕ ರೂಪಿಸಿದ್ದರು. ಬರ, ಉಷ್ಣತೆ, ಆರ್ದ್ರತೆ, ಗಾಳಿಯ ವೇಗ ಈ ನಾಲ್ಕನ್ನು ಸೇರಿಸಿ, 1939ರ ಜನವರಿಯ ಘೋರ ಬೆಂಕಿಯ ದಿನಕ್ಕೆ 100 ಅಂಕ ಕೊಟ್ಟಿದ್ದರು. 2009ರ ಆ ಶನಿವಾರ ಹಲವೆಡೆ ಸೂಚ್ಯಂಕ 100ನ್ನು ಬಹಳ ಹಿಂದೆ ಬಿಟ್ಟಿತು. ಅಳತೆಗೋಲೇ ಸಾಲದಾಯಿತು. ಅದರಲ್ಲಿ ಇನ್ನೊಂದು ಕೊರತೆಯೂ ಇತ್ತು: ಅಲ್ಲಿ ಸಸ್ಯದ ಬಗ್ಗೆ ಮಾತೇ ಇರಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ದೇಶವಿಡೀ ಜಾರಿಗೆ ಬಂದ ಹೊಸ ಪದ್ಧತಿ ಸಸ್ಯವರ್ಗವನ್ನು ಎಂಟು ಬಗೆಯಾಗಿ ವಿಂಗಡಿಸಿ ಒಂದೊಂದಕ್ಕೂ ಬೇರೆ ಲೆಕ್ಕ ಹಾಕುತ್ತದೆ.

ಆ ವಿಂಗಡಣೆ ಅಗತ್ಯ, ಏಕೆಂದರೆ ಒಂದೇ ಮಳೆ ಹುಲ್ಲುಗಾವಲಿಗೂ ದಟ್ಟ ಕಾಡಿಗೂ ಮಾಡುವ ಕೆಲಸ ಒಂದಕ್ಕೊಂದು ವಿರುದ್ಧ. ಒಣ ನಾಡಿನಲ್ಲಿ ಉರಿಯಲು ಬಿಸಿಲಿಗೆ ಕೊರತೆಯಿಲ್ಲ, ಉರುವಲಿಗೆ ಕೊರತೆ. ಹುಲ್ಲಿನ ಬುಡಗಳ ನಡುವೆ ಬರೀ ಮಣ್ಣು, ಬೆಂಕಿ ಹತ್ತಿದರೂ ದಾಟಲು ದಾರಿಯಿಲ್ಲ. ಎರಡು ವರ್ಷ ಚೆನ್ನಾಗಿ ಮಳೆಯಾದರೆ ಆ ಮಣ್ಣೆಲ್ಲ ಹುಲ್ಲಿನಿಂದ ಮುಚ್ಚುತ್ತದೆ. ಆಸ್ಟ್ರೇಲಿಯಾದ ಇತಿಹಾಸದಲ್ಲಿ ಅತಿ ಹೆಚ್ಚು ನೆಲ ಸುಟ್ಟದ್ದು ಬರದ ವರ್ಷದಲ್ಲಿ ಅಲ್ಲ, ಲಾ ನಿನಾ ಪ್ರಭಾವದ ಭಾರಿ ಮಳೆಯ ಬೆನ್ನಿಗೆ ಬಂದ 1974–75ರ ಬೇಸಿಗೆಯಲ್ಲಿ. ಒಳನಾಡಿನ ಹುಲ್ಲುಗಾವಲಿನಲ್ಲಿ ಸುಮಾರು 11.7 ಕೋಟಿ ಹೆಕ್ಟೇರ್ ಉರಿಯಿತು. ಅದು ಆರು ಕರ್ನಾಟಕಗಳಷ್ಟು ವಿಸ್ತೀರ್ಣ. ಜನ ವಿರಳವಾದ್ದರಿಂದ ಜಗತ್ತು ಅದನ್ನು ಹೆಚ್ಚಾಗಿ ಗಮನಿಸಲಿಲ್ಲ.

ಕ್ಯಾಲಿಫೋರ್ನಿಯಾದ ಕುರುಚಲು ಗುಡ್ಡಗಳದ್ದೂ ಸುಮಾರಾಗಿ ಇದೇ ಕತೆ. 2022–23 ಮತ್ತು 2023–24ರ ಎರಡು ಮಳೆಗಾಲ ಅಲ್ಲಿ ಧಾರಾಳವಾಗಿ ಸುರಿದವು, ಗುಡ್ಡಗಳು ಹಸಿರಾದವು. ಮೂರನೆಯ ಮಳೆಗಾಲ ಬರಲೇ ಇಲ್ಲ. 2024ರ ಅಕ್ಟೋಬರ್‌ನಿಂದ ಜನವರಿ ಮೊದಲ ವಾರದವರೆಗೆ ಲಾಸ್ ಏಂಜಲೀಸ್ ನಗರದ ನಡುಭಾಗದಲ್ಲಿ ಬಿದ್ದದ್ದು ಸುಮಾರು 4 ಮಿಲಿಮೀಟರ್. ಅಷ್ಟರಲ್ಲಿ ಸಾಂಟಾ ಆನಾ ಗಾಳಿ ಎದ್ದಿತು. ಒಳನಾಡಿನ ಎತ್ತರದ ಮರುಭೂಮಿಯಿಂದ ಸಮುದ್ರದ ಕಡೆಗೆ ಇಳಿಯುವ ಈ ಗಾಳಿ ಪ್ರತಿ ಕಿಲೋಮೀಟರ್ ಇಳಿತಕ್ಕೆ ಸುಮಾರು ಹತ್ತು ಡಿಗ್ರಿ ಕಾಯುತ್ತದೆ, ಕಾದಷ್ಟೂ ಒಣಗುತ್ತದೆ. 2025ರ ಜನವರಿ 7ರ ಬೆಂಕಿಗಳು ವಿಸ್ತೀರ್ಣದಲ್ಲಿ ಮಹಾ ಕಾಡ್ಗಿಚ್ಚುಗಳ ಸಾಲಿಗೆ ಸೇರುವುದಿಲ್ಲ, ಆದರೂ 16,000ಕ್ಕೂ ಹೆಚ್ಚು ಕಟ್ಟಡಗಳನ್ನು ಬೂದಿ ಮಾಡಿದವು.

ದಟ್ಟವಾದ ತೇವದ ಕಾಡಿನಲ್ಲಿ ಉರುವಲಿಗೆ ಎಂದೂ ಕೊರತೆಯಿಲ್ಲ. ಅದು ಒಣಗುವುದೇ ಅಪರೂಪ. ಅಂಥ ಕಾಡುಗಳಲ್ಲಿ ಕಣಿವೆಯ ತೊರೆಗಳು, ನೆರಳಿನ ಇಳಿಜಾರುಗಳು ತಾವೇ ಬೆಂಕಿರೇಖೆಗಳಾಗಿ ಕೆಲಸ ಮಾಡುತ್ತವೆ. ಬೆಂಕಿ ಅಲ್ಲಿಗೆ ಬಂದು ಸೊರಗುತ್ತದೆ. ಬರ ಆಳವಾದಾಗ ಈ ತೇವದ ಗೋಡೆಗಳು ಒಂದೊಂದಾಗಿ ಬೀಳುತ್ತವೆ, ಬೇರೆ ಬೇರೆಯಾಗಿದ್ದ ಕಾಡಿನ ತುಂಡುಗಳು ಬೆಂಕಿಯ ಪಾಲಿಗೆ ಒಂದೇ ದೊಡ್ಡ ಕಾಡಾಗುತ್ತವೆ. 2019ರಲ್ಲಿ ಆದದ್ದು ಇದೇ. ಆಸ್ಟ್ರೇಲಿಯಾದಲ್ಲಿ ದಾಖಲೆ ಆರಂಭವಾದಂದಿನಿಂದ ಅಷ್ಟು ಬಿಸಿಯಾದ, ಅಷ್ಟು ಒಣಗಿದ ವರ್ಷ ಇನ್ನೊಂದಿರಲಿಲ್ಲ. ಡಿಸೆಂಬರ್ 18ರಂದು ಇಡೀ ದೇಶದ ಗರಿಷ್ಠ ಉಷ್ಣತೆಯ ಸರಾಸರಿಯೇ 41.9 ಡಿಗ್ರಿ ಮುಟ್ಟಿತು.

ಆ ಬರದ ಒಂದು ಬೇರು ನಮ್ಮದೇ ಹಿಂದೂ ಮಹಾಸಾಗರದಲ್ಲಿತ್ತು. ಆ ವರ್ಷ ಸಾಗರದ ಪಶ್ಚಿಮ ಭಾಗ ಬೆಚ್ಚಗೆ, ಇಂಡೊನೇಷ್ಯಾ ಕಡೆಯ ಪೂರ್ವ ಭಾಗ ತಣ್ಣಗೆ ಇತ್ತು. ಈ ಏರುಪೇರು ಮಳೆಮೋಡಗಳನ್ನು ಆಫ್ರಿಕಾ ಮತ್ತು ಭಾರತದ ಕಡೆ ಎಳೆದು ಆಸ್ಟ್ರೇಲಿಯಾವನ್ನು ಒಣಗಿಸುತ್ತದೆ. ಭಾರತದಲ್ಲಿ 2019ರ ಮುಂಗಾರು ವಾಡಿಕೆಗಿಂತ ನೂರಕ್ಕೆ ಹತ್ತರಷ್ಟು ಹೆಚ್ಚು ಸುರಿದು, ಅಕ್ಟೋಬರ್ 9ರವರೆಗೂ ಹಿಂದೆ ಸರಿಯಲು ಶುರುಮಾಡಲಿಲ್ಲ. ಅದೇ ಅಕ್ಟೋಬರ್ 26ರಂದು ಸಿಡ್ನಿಯ ವಾಯವ್ಯಕ್ಕಿರುವ ಗಾಸ್ಪರ್ಸ್ ಮೌಂಟನ್ ಬಳಿ ಸಿಡಿಲಿಗೆ ಒಂದು ಬೆಂಕಿ ಹೊತ್ತಿತು. ಅದು ಐದು ಲಕ್ಷ ಹೆಕ್ಟೇರ್ ದಾಟಿತು. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಆ ಬೇಸಿಗೆ ಒಟ್ಟು ಸುಮಾರು 55 ಲಕ್ಷ ಹೆಕ್ಟೇರ್ ಸುಟ್ಟಿತು. ಬೆಂಕಿ ಕಾಣುವುದೇ ಅಪರೂಪವಾದ ಮಳೆಕಾಡುಗಳ ಅಂಚುಗಳೂ ಉರಿದವು. ಕಾಡಿನಲ್ಲಿ 200ಕ್ಕಿಂತ ಕಡಿಮೆ ಉಳಿದಿರುವ ವೊಲೆಮೈ ಪೈನ್ ಮರಗಳಿರುವ ಕಣಿವೆಯನ್ನು ಕಾಯಲು ಸಿಬ್ಬಂದಿಯನ್ನು ಹೆಲಿಕಾಪ್ಟರ್‌ನಿಂದ ಇಳಿಸಿ ನೆಲಕ್ಕೆ ನೀರುಣಿಸಬೇಕಾಯಿತು. ಡೈನೋಸಾರ್‌ಗಳ ಕಾಲದ ವಂಶದ ಮರಗಳವು. ಅವು ಉಳಿದದ್ದು ನಿಜಕ್ಕೂ ಸಮಾಧಾನದ ಸಂಗತಿ.

ಬೆಂಕಿ ಒಂದು ಹಂತ ಮೀರಿದ ಮೇಲೆ ಹವಾಮಾನವನ್ನು ತಾನೇ ಹುಟ್ಟಿಸತೊಡಗುತ್ತದೆ. ಉರಿಯ ಮೇಲಿನ ಬಿಸಿಗಾಳಿ ಕಂಬದಂತೆ ಏರುತ್ತದೆ, ಅದು ಖಾಲಿ ಮಾಡಿದ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗುತ್ತದೆ. ಮೇಲೆ ಹೋದ ಆವಿ ತಣಿದು ಮೋಡವಾಗುತ್ತದೆ, ತಣಿಯುವಾಗ ಬಿಟ್ಟ ಶಾಖ ಆ ಕಂಬವನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ. ಹೀಗೆ ಬೆಳೆದ ಬೆಂಕಿಮೋಡ ಗುಡುಗು ಮೋಡದಷ್ಟೇ ದೊಡ್ಡದು. 2009ರ ಆ ಶನಿವಾರ ವಿಕ್ಟೋರಿಯಾದಲ್ಲಿ ಅದು 15 ಕಿಲೋಮೀಟರ್ ಎತ್ತರಕ್ಕೆ ಏರಿತು. ಮಳೆ ಸುರಿಸುವ ಬದಲು ಅದು ಸಿಡಿಲು ಹೊಡೆದು, ಬೆಂಕಿಯ ಮುಂಚೂಣಿಯಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿ ಹೊಸ ಬೆಂಕಿ ಹಚ್ಚಿತು. 2003ರ ಜನವರಿ 18ರಂದು ಕ್ಯಾನ್‌ಬೆರಾ ನಗರದ ಅಂಚಿನಲ್ಲಿ ಇಂಥದೇ ಮೋಡದ ಕೆಳಗೆ ನಿಜವಾದ ಸುಂಟರಗಾಳಿಯೊಂದು ಬೆಂಕಿಯ ಜೊತೆ ಸುತ್ತಿತು. ಇಂಥ ಹೊತ್ತಿನಲ್ಲಿ ಗಾಳಿ ಎತ್ತ ಬೀಸೀತು ಎಂಬ ಮುನ್ಸೂಚನೆ ಕೆಲಸಕ್ಕೆ ಬರುವುದಿಲ್ಲ.

ಶೀತ ದೇಶಗಳ ಸೂಚಿಪರ್ಣಿ ಕಾಡಿನಲ್ಲಿ ಇನ್ನೊಂದು ಬಗೆಯ ಉರುವಲಿದೆ, ಅದು ನೆಲದ ಒಳಗಿದೆ. ಚಳಿಗೆ ಕೊಳೆಯದೆ ಶತಮಾನಗಳಿಂದ ಸೇರಿದ ಪಾಚಿ, ಬೇರು, ಎಲೆಗಳ ಪದರವದು. ಒಣಗಿದರೆ ಹೊಗೆಯಾಡುತ್ತ ಆಳಕ್ಕೆ ಇಳಿಯುತ್ತದೆ, ಹಿಮದ ಕೆಳಗೆ ಚಳಿಗಾಲ ಕಳೆದು ವಸಂತದಲ್ಲಿ ಮತ್ತೆ ತಲೆಯೆತ್ತುತ್ತದೆ. 2023ರಲ್ಲಿ ಕೆನಡಾದಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಉಷ್ಣತೆ ವಾಡಿಕೆಗಿಂತ ಎರಡು ಡಿಗ್ರಿ ಮೇಲಿತ್ತು. ಆ ವರ್ಷ ಸುಟ್ಟದ್ದು ಸುಮಾರು 1.5 ಕೋಟಿ ಹೆಕ್ಟೇರ್, ದೇಶದ ದಾಖಲೆಯಲ್ಲೇ ಅತಿ ಹೆಚ್ಚು. ಜೂನ್‌ನಲ್ಲಿ ಅದರ ಹೊಗೆ ನ್ಯೂಯಾರ್ಕ್‌ನ ಆಕಾಶವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸಿತು. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾದಲ್ಲಿ ಹವಾಮಾನ ಕೀಟದ ಮೂಲಕ ಕೆಲಸ ಮಾಡಿತು. 2012ರಿಂದ 2016ರ ಬರದಲ್ಲಿ ಸೊರಗಿದ ಪೈನ್ ಮರಗಳಿಗೆ ತೊಗಟೆ ಕೊರೆಯುವ ದುಂಬಿಯನ್ನು ಅಂಟು ಸುರಿಸಿ ಹೊರಹಾಕುವ ಶಕ್ತಿ ಉಳಿಯಲಿಲ್ಲ. ಕೋಟಿಗಟ್ಟಲೆ ಮರ ನಿಂತಲ್ಲೇ ಸತ್ತವು. 2020ರ ಕ್ರೀಕ್ ಬೆಂಕಿ ಹಬ್ಬಿದ್ದು ಆ ಸತ್ತ ಮರಗಳ ನಡುವೆ. ನೂರು ವರ್ಷ ಪ್ರತಿ ಸಣ್ಣ ಬೆಂಕಿಯನ್ನೂ ಆರಿಸುತ್ತ ಬಂದ ಸರ್ಕಾರಿ ನೀತಿಯೂ ಅಲ್ಲಿ ಉರುವಲು ಪೇರಿಸಿತ್ತು.

ಉರುವಲು ತಗ್ಗಿಸಿದರೆ ಬೆಂಕಿ ತಗ್ಗುತ್ತದೆಯೆ ಎಂಬ ಪ್ರಶ್ನೆಗೆ ಉತ್ತರ ಹವಾಮಾನವನ್ನು ಅವಲಂಬಿಸಿದೆ. ಬೆಂಕಿಯ ಉಗ್ರತೆ ಎಂದರೆ ಉರಿದ ಉರುವಲಿನ ತೂಕ, ಅದರ ಶಾಖ, ಬೆಂಕಿ ಸಾಗುವ ವೇಗ ಈ ಮೂರರ ಗುಣಲಬ್ಧ. ಮುಂಚೂಣಿಯ ಒಂದು ಮೀಟರ್‌ಗೆ 4,000 ಕಿಲೋವಾಟ್ ದಾಟಿದರೆ ನೆಲದ ಮೇಲಿನ ಸಿಬ್ಬಂದಿ ಎದುರು ನಿಲ್ಲುವುದು ಕಷ್ಟ, 10,000 ದಾಟಿದರೆ ವಿಮಾನದಿಂದ ಸುರಿದ ನೀರೂ ನಾಟುವುದಿಲ್ಲ. 2009ರ ಕಿಲ್ಮೋರ್ ಈಸ್ಟ್ ಬೆಂಕಿ 80,000ವನ್ನೂ ಮೀರಿತ್ತೆಂದು ಲೆಕ್ಕ. ಉರುವಲನ್ನು ಅರ್ಧಕ್ಕೆ ಇಳಿಸಿದ್ದರೂ ಅಲ್ಲಿ ಉಳಿಯುತ್ತಿದ್ದದ್ದು ನಿಲ್ಲಿಸಲಾಗದ ಬೆಂಕಿಯೇ. ಆದರೆ ಸಾಧಾರಣ ಬೇಸಿಗೆಯ ದಿನ 6,000 ಇರಬೇಕಾದ ಬೆಂಕಿ 3,000ಕ್ಕೆ ಇಳಿದರೆ ಒಂದು ಊರು ಉಳಿಯುತ್ತದೆ. ಹಾಗಾಗಿ ಹದ ನೋಡಿ ಹಚ್ಚುವ ಸಣ್ಣ ಬೆಂಕಿ ಬೇಕೇ ಬೇಕು, ಊರಿನ ಸುತ್ತ ಅದು ಇನ್ನೂ ಹೆಚ್ಚು ಬೇಕು. ಅತಿ ಕೆಟ್ಟ ದಿನಕ್ಕೆ ಅದನ್ನೇ ನಂಬಿ ಕೂರುವಂತಿಲ್ಲ. ಆ ದಿನ ಹೊತ್ತಿಗೆ ಮುಂಚೆ ಊರು ಬಿಡುವುದೇ ಸರಿ. ಅಂಥ ದಿನಗಳು ಹೆಚ್ಚುತ್ತಿವೆ. 2019–20ರ ಆಸ್ಟ್ರೇಲಿಯಾದಂಥ ಬೆಂಕಿ ಹವೆಯ ಸಾಧ್ಯತೆಯನ್ನು ಮನುಷ್ಯ ತಂದ ತಾಪ ಏರಿಕೆ ಕನಿಷ್ಠ ನೂರಕ್ಕೆ 30ರಷ್ಟು ಹೆಚ್ಚಿಸಿದೆ ಎಂದು ವಿಜ್ಞಾನಿಗಳ ಅಂತರರಾಷ್ಟ್ರೀಯ ತಂಡವೊಂದು ಲೆಕ್ಕ ಹಾಕಿದೆ.

ಗಾಸ್ಪರ್ಸ್ ಮೌಂಟನ್‌ನ ನೆಲವನ್ನು ಕೊನೆಗೆ ತಣಿಸಿದ್ದು 2020ರ ಫೆಬ್ರವರಿಯ ಮಳೆ. ನಾಲ್ಕು ದಿನದಲ್ಲಿ ಸಿಡ್ನಿಗೆ 390 ಮಿಲಿಮೀಟರ್‌ಗೂ ಹೆಚ್ಚು ಸುರಿಯಿತು. ಸುಟ್ಟ ಯೂಕಲಿಪ್ಟಸ್‌ಗಳಲ್ಲಿ ಬಹುಪಾಲು ಕಾಂಡದ ಮೈಯಿಂದಲೇ ಚಿಗುರಿ ಹಸಿರಾದವು. ವಿಕ್ಟೋರಿಯಾದ ಮೌಂಟನ್ ಆ್ಯಶ್ ಮರಕ್ಕೆ ಆ ಶಕ್ತಿಯಿಲ್ಲ. ಹೂಬಿಡುವ ಮರಗಳಲ್ಲಿ ಜಗತ್ತಿನ ಅತಿ ಎತ್ತರದ ಜಾತಿಗಳಲ್ಲಿ ಒಂದು ಅದು, ನೂರು ಮೀಟರ್‌ವರೆಗೂ ಬೆಳೆಯುತ್ತದೆ. ಬಿರುಸು ಬೆಂಕಿಗೆ ಅದು ಸಾಯುತ್ತದೆ, ಸಾಯುವಾಗ ನೆತ್ತಿಯ ಕಾಯಿಗಳಲ್ಲಿ ಕಾದಿಟ್ಟ ಬೀಜವನ್ನು ಬೂದಿಯ ಮೇಲೆ ಉದುರಿಸುತ್ತದೆ. ಅದರಿಂದ ಎದ್ದ ಸಸಿ ಬೀಜ ಕಟ್ಟಲು 15–20 ವರ್ಷ ಹಿಡಿಯುತ್ತದೆ. ಅಷ್ಟರೊಳಗೆ ಇನ್ನೊಂದು ಮಹಾ ಬೆಂಕಿ ಬಂದ ಕಡೆ ಮೌಂಟನ್ ಆ್ಯಶ್ ಮತ್ತೆ ಹುಟ್ಟುವುದಿಲ್ಲ. ಆ ಜಾಗದಲ್ಲಿ ಏಳುವುದು ಜಾಲಿಯ ಕುಲದ ಕುರುಚಲು.